ಆನೆಗೆ ಬೇರೆ ಗುಂಡು, ಸಿಂಹಕ್ಕೆ ಬೇರೆ

ಮಾನ್ಯರೇ,

ಭಾನುವಾರದ ಪುರವಣಿಯ ಆಫ್ರಿಕಾ ಬೇಟೆಯ ಲೇಖನದಲ್ಲಿ ‘ರೈಫಲ್ ದೊಡ್ಡದಿದ್ದರೆ ಸಾಕು, ಗುಂಡು ಯಾವುದಾದರೂ ನಡೆಯುತ್ತದೆ’ ಎಂಬ ಸಾಲು ಓದುತ್ತಾ ಕೈಯಲ್ಲಿದ್ದ ಚಹಾ ಆರಿಹೋಯಿತು. ಸೇನೆಯಲ್ಲಿ ಬಂದೂಕು ದುರಸ್ತಿ ಮಾಡಿಯೇ ತಲೆ ನರೆತವನು ನಾನು. ಆ ಮಾತು ತಲೆಕೆಳಗಾಗಿದೆ.

ಹಿಂದೊಮ್ಮೆ ಪರಿಚಿತರ ಮನೆಯ, ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ ಹಳೆಯ .375 ರೈಫಲ್ (ಗುಂಡಿನ ಅಡ್ಡಳತೆ .375 ಇಂಚು, ಅಂದರೆ ಸುಮಾರು 9.5 ಮಿ.ಮೀ.) ನನ್ನ ಕೈಗೆ ಬಂದಿತ್ತು. 1912ರ ವಿನ್ಯಾಸ, ಗುಂಡಿನ ತೂಕ ಸುಮಾರು 19 ಗ್ರಾಂ. ಒಡೆಯರ ಒಪ್ಪಿಗೆ ಪಡೆದು, ತೋಟಾದಿಂದ, ಅಂದರೆ ಗುಂಡು-ಮದ್ದು ಸೇರಿಸಿದ ಲೋಹದ ಕೊಳವೆಯಿಂದ, ಬಿಡಿಸಿದ ಎರಡು ಗುಂಡುಗಳನ್ನು ಗರಗಸದಿಂದ ಉದ್ದಕ್ಕೆ ಸೀಳಿದೆ. ಒಂದರ ಮೂತಿಯಲ್ಲಿ ಸೀಸ ಇಣುಕುತ್ತಿತ್ತು. ಮೈಗೆ ತಾಗಿದೊಡನೆ ಅಣಬೆಯಂತೆ ಅರಳುವ ಇದು ಸಿಂಹ, ಜಿಂಕೆಗಳಿಗೆ. ಇನ್ನೊಂದರ ಮೂತಿಗೆ ದಪ್ಪ ಲೋಹದ ಕವಚ. ಅರಳದ ಈ ಗಟ್ಟಿ ಗುಂಡು ಆನೆಗೆ. ಆನೆಯ ತಲೆಬುರುಡೆ ಜೇನುಗೂಡಿನಂಥ ಮೂಳೆ. ಅರಳುವ ಗುಂಡು ಮಿದುಳು ತಲುಪುವ ಮೊದಲೇ ನಿಂತುಬಿಡಬಹುದು.

ಕಳೆದ ಶತಮಾನದ ಆರಂಭದಲ್ಲಿ ಬೆಲ್ ಎಂಬ ಬೇಟೆಗಾರ ಬರೀ 7 ಮಿ.ಮೀ. ರೈಫಲ್‌ನಿಂದಲೇ ನೂರಾರು ಆನೆಗಳನ್ನು ಕೆಡವಿದ್ದು ಈ ಗಟ್ಟಿ ಗುಂಡಿನಿಂದ. ಎಲ್ಲರ ಗುರಿಯೂ ಬೆಲ್‌ನ ಗುರಿಯಲ್ಲ. ಆಫ್ರಿಕಾದ ಹಲವು ದೇಶಗಳು ಅಪಾಯಕಾರಿ ಪ್ರಾಣಿಗಳ ಬೇಟೆಗೆ .375ನ್ನೇ ಕನಿಷ್ಠ ಮಿತಿ ಮಾಡಿವೆ.

ಸೆಖೆಯ ಮಾತನ್ನಂತೂ ಲೇಖನ ಮುಟ್ಟಿಯೇ ಇಲ್ಲ. ವಿಜಯಪುರದ ಏಪ್ರಿಲ್‌ನಂಥ ಬಿಸಿಲಿನಲ್ಲಿ ಕಾರ್ಡೈಟ್ ಎಂಬ ಹಳೆಯ ಸಿಡಿಮದ್ದಿನ ಒತ್ತಡ ಏರಿ ತೋಟಾ ನಳಿಕೆಯಲ್ಲೇ ಕಚ್ಚಿಕೊಳ್ಳುತ್ತಿತ್ತು. 1911ರ .416 ರಿಗ್ಬಿ ರೈಫಲ್‌ನ ತೋಟಾ ಅಷ್ಟು ಡೊಳ್ಳಾಗಿರುವುದು ಆ ಒತ್ತಡವನ್ನು ತಗ್ಗಿಸಲಿಕ್ಕೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಂತಿದೆ, ನನಗೂ ಅದರ ಆಸೆಯಿಲ್ಲ. ಸೀಳಿದ ಆ ಎರಡು ಗುಂಡುಗಳು ಇನ್ನೂ ನನ್ನ ಮೇಜಿನ ಮೇಲಿವೆ. ಲೇಖಕರು ಬಂದರೆ ತೋರಿಸುತ್ತೇನೆ.

— ನಿವೃತ್ತ ಸೈನಿಕ, ಕ್ಯಾಂಪ್, ಬೆಳಗಾವಿ