ಕೆಂಪು ಗಾಡಿಯ ಮುಂದೆ ಸಿಕ್ಕ ಅಣ್ಣನಿಗೆ

ದೆಹಲಿಯ ಚಾಣಕ್ಯಪುರಿಯ ರೈಲು ಮ್ಯೂಸಿಯಂನಲ್ಲಿ ನಮ್ಮಪ್ಪನ ಜೊತೆ ಒಂದು ಗಂಟೆ ನಿಂತ ಅಣ್ಣಾ, ನಿಮ್ಮ ಹೆಸರು ಕೇಳುವುದನ್ನೇ ಮರೆತುಬಿಟ್ಟೆವು.

ಅಪ್ಪ ಅಗ್ನಿಶಾಮಕ ದಳದಲ್ಲಿ ಡ್ರೈವರ್ ಆಗಿದ್ದವರು. 1914ರ ಜಾನ್ ಮಾರಿಸ್ ಫೈರ್ ಎಂಜಿನ್ ಕಂಡವರೇ ಕದಲಲಿಲ್ಲ. ಹೈದರಾಬಾದಿನ ನಿಜಾಮರ ರೈಲ್ವೆಗೆಂದು ಇಂಗ್ಲೆಂಡಿನಿಂದ ಬಂದ ಗಾಡಿ. ಗಾಳಿ ತುಂಬದ ಗಟ್ಟಿ ರಬ್ಬರ್ ಟೈರು. ಅಪ್ಪನ ಕಿವಿ ಸ್ವಲ್ಪ ಮಂದ. ನೀವು ಬಗ್ಗಿ, ಕಿವಿಯ ಹತ್ತಿರವೇ ಬಿಡಿಸಿ ಬಿಡಿಸಿ ಹೇಳಿದಿರಿ: ಇಂಥ ಗಾಡಿಗೆ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಸವೆದದ್ದನ್ನು ಲೇತ್‌ನಲ್ಲಿ ಹೊಸದಾಗಿ ಕಡೆದೇ ಕೂರಿಸಬೇಕು, ಹಾಗೆ ಜೋಪಾನ ಮಾಡಿದ್ದಕ್ಕೇ ಇದು ವಿಂಟೇಜ್ ರ‍್ಯಾಲಿಗಳಲ್ಲಿ ಓಡಿದ್ದು. ಅಪ್ಪ ಗಾಡಿಗೆ ಕಟ್ಟಿದ್ದ ಗಂಟೆಯನ್ನೇ ನೋಡುತ್ತಾ ಕಣ್ಣೊರೆಸಿಕೊಂಡಾಗ ನೀವು ಮಾತು ನಿಲ್ಲಿಸಿ ಸುಮ್ಮನೆ ಅವರ ಹೆಗಲ ಮೇಲೆ ಕೈಯಿಟ್ಟಿರಿ.

ಊರಿಗೆ ಬಂದಮೇಲೂ ಅಪ್ಪನಿಗೆ ಆ ಗಾಡಿಯದೇ ಮಾತು, ನಿಮ್ಮದೇ ನೆನಪು. ತುಂಬಾ ಉಪಕಾರವಾಯಿತು ಅಣ್ಣಾ.