ಹಳೇ ಪ್ರಿಸಿಷನ್ ಮಲ್ಟಿಮೀಟರ್ ಕೊಳ್ಳುವ ಮುಂಚೆ

ಗೆಳೆಯರೇ, ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಹೊಸದು ತಗೊಳ್ಳೋದಾ, ಸೆಕೆಂಡ್ ಹ್ಯಾಂಡಾ ಅಂತ ಕೇಳಿದ್ದೀರಲ್ಲ, ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

230 ವೋಲ್ಟ್ ಲೈನ್ ಮುಟ್ಟುವ ಕೆಲಸವಿದ್ದರೆ ಒಳ್ಳೆಯ ಹೊಸ ಮೀಟರನ್ನೇ ತಗೊಳ್ಳಿ. ಹಳೆಯದರೊಳಗೆ ಯಾರೋ ಫ್ಯೂಸ್ ಬದಲು ತಂತಿ ಸುತ್ತಿಟ್ಟಿರಬಹುದು. ಜೀವದ ವಿಷಯ.

ಮೈಕ್ರೋವೋಲ್ಟ್ (ವೋಲ್ಟಿನ ಹತ್ತು ಲಕ್ಷದ ಒಂದು ಪಾಲು) ನೋಡಬೇಕು ಅನ್ನುವವರಿಗೆ ಹಳೇ ಬೆಂಚ್ ಮೀಟರಿನಲ್ಲೇ (ಮೇಜಿನ ಮೇಲಿಡುವ ದೊಡ್ಡ ಮೀಟರ್) ಲಾಭ ಜಾಸ್ತಿ. ಎಚ್‌ಪಿ 34401ಎ ಮಾಡೆಲ್ ಆರೂವರೆ ಅಂಕಿ, 3478ಎ ಐದೂವರೆ ಅಂಕಿ (ಅಂಕಿ ಜಾಸ್ತಿಯಾದಷ್ಟೂ ಸಣ್ಣ ವ್ಯತ್ಯಾಸವೂ ಕಾಣುತ್ತದೆ). ಎರಡೂ ಗಟ್ಟಿ ಮೀಟರ್‌ಗಳು. ಆದರೆ 3478ಎ ಒಳಗೆ 3 ವೋಲ್ಟಿನ ಲಿಥಿಯಂ ಬ್ಯಾಟರಿ ಬೆಸುಗೆ ಹಾಕಿರುತ್ತದೆ. ಕ್ಯಾಲಿಬ್ರೇಶನ್ ಲೆಕ್ಕ, ಅಂದರೆ ಅಳತೆ ಸರಿಯಾಗಿ ಬರಲು ಮೀಟರ್ ನೆನಪಿಟ್ಟುಕೊಂಡ ತಿದ್ದುಪಡಿ ಅಂಕಿಗಳು, ಉಳಿಯುವುದು ಅದರಿಂದಲೇ. ಬ್ಯಾಟರಿ ಸತ್ತರೆ ಲೆಕ್ಕವೂ ಹೋಯ್ತು. ನಾನು ಒಮ್ಮೆ ಇದನ್ನು ನೋಡದೆ ದುಡ್ಡು ಕೊಟ್ಟೆ. ಮನೆಗೆ ತಂದು 5 ವೋಲ್ಟ್ ರೆಫರೆನ್ಸ್ (ನಿಖರವಾದ 5 ವೋಲ್ಟ್) ಕೊಟ್ಟರೆ ಬಾಯಿಗೆ ಬಂದ ಅಂಕಿ! ತುಂಬಾ ಬೇಜಾರಾಯಿತು. ಬ್ಯಾಟರಿ ಇನ್ನೂ ಚೆನ್ನಾಗಿದ್ದರೆ ಮೊದಲು ಜಿಪಿಐಬಿ (ಮೀಟರನ್ನು ಕಂಪ್ಯೂಟರಿಗೆ ಜೋಡಿಸುವ ಪೋರ್ಟ್) ಮೂಲಕ ಆ ಲೆಕ್ಕವನ್ನು ಕಾಪಿ ಮಾಡಿಟ್ಟುಕೊಳ್ಳಿ, ಆಮೇಲೆ ಬ್ಯಾಟರಿ ಬದಲಿಸಿ.

ಹೊರದೇಶದಿಂದ ಬಂದ ಮೀಟರಾದರೆ ಪ್ಲಗ್ ಹಾಕುವ ಮುಂಚೆ ಹಿಂಭಾಗದ ವೋಲ್ಟೇಜ್ ಸೆಲೆಕ್ಟರ್ ನೋಡಿ. 120ರಲ್ಲಿ ಇದ್ದರೆ ನಮ್ಮ ಕರೆಂಟಿಗೆ ಸುಟ್ಟುಹೋಗುತ್ತದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಲ್ಲಾಗಲಿ, ಆನ್ ಮಾಡಿದ ತಕ್ಷಣ ತೀರ್ಮಾನ ಬೇಡ. ಒಂದು ಗಂಟೆ ಬಿಸಿಯಾಗಲಿ. ಆಮೇಲೆ ಪ್ರೋಬ್ ಎರಡನ್ನೂ ಸೇರಿಸಿ ಹಿಡಿದು ಸೊನ್ನೆ ನಿಲ್ಲುತ್ತದಾ ನೋಡಿ. ಎಡಿ584 ಬೋರ್ಡ್ (ನಿಖರ ವೋಲ್ಟೇಜ್ ಕೊಡುವ ಸಣ್ಣ ರೆಫರೆನ್ಸ್ ಬೋರ್ಡ್) ಇದ್ದವರು ಜೊತೆಗೆ ಒಯ್ಯಿರಿ. ಇಲ್ಲದವರು ಹೇಳಿ, ನನ್ನದು ಕೊಡುತ್ತೇನೆ.