ಮೇಜಿನ ಮೇಲಿನ ಮೂರು ಕಲ್ಲುಗಳು

ಮಾನ್ಯ ಸಂಪಾದಕರೇ,

ರೆಸ್ಟೋರೆಂಟ್‌ಗಳ ಒಳಾಂಗಣದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ‘ಕೌಟುಂಬಿಕ ವಾತಾವರಣ’ ಎಂದರೆ ಗೋಡೆಯ ಮೇಲೆ ಅಜ್ಜ-ಅಜ್ಜಿಯರ ಕಪ್ಪು-ಬಿಳುಪು ಫೋಟೊ, ಮೂಲೆಯಲ್ಲೊಂದು ಹಿತ್ತಾಳೆ ಹಂಡೆ, ಮೇಲಿಂದ ಹಳದಿ ಬೆಳಕು ಎಂಬಂತೆ ಲೇಖಕರು ಬರೆದಿರುವುದನ್ನು, ಇದೇ ವೃತ್ತಿಯಲ್ಲಿರುವ ನಾನು ಒಪ್ಪಲಾರೆ. ಸ್ಪೇನ್‌ನ ಕ್ಯಾಟಲೋನಿಯಾ ಪ್ರಾಂತ್ಯದ ಜಿರೋನಾ ನಗರದಲ್ಲಿರುವ ‘ಎಲ್ ಸೆಯೆರ್ ದೆ ಕಾನ್ ರೋಕಾ’ ರೆಸ್ಟೋರೆಂಟನ್ನು ಅವರು ಗಮನಿಸಿದ್ದರೆ ಬೇರೆಯೇ ತೀರ್ಮಾನಕ್ಕೆ ಬರುತ್ತಿದ್ದರೇನೋ. ನಾನೂ ಅಲ್ಲಿಗೆ ಹೋಗಿ ಉಂಡವಳಲ್ಲ. ಅದರ ವಿನ್ಯಾಸವನ್ನು ಚಿತ್ರಗಳಲ್ಲಿ, ವಿವರಣೆಗಳಲ್ಲಿ ಹಲವು ವರ್ಷಗಳಿಂದ ಅಭ್ಯಾಸ ಮಾಡಿದವಳು ಮಾತ್ರ.

ಕ್ಯಾಟಲನ್ ಭಾಷೆಯಲ್ಲಿ ‘ಕಾನ್ ರೋಕಾ’ ಎಂದರೆ ರೋಕಾ ಅವರ ಮನೆ. ಆ ಹೆಸರಿನ ಸಾಧಾರಣ ಹೋಟೆಲೊಂದನ್ನು ಮೊಂತ್ಸೆರಾತ್ ಫೊಂತಾನೆ ಮತ್ತು ಅವರ ಪತಿ 1967ರಲ್ಲಿ ಊರಂಚಿನ ತಯಲಾ ಬಡಾವಣೆಯಲ್ಲಿ ತೆರೆದರು. ಮಕ್ಕಳು ಅಲ್ಲಿಯೇ ಆಡಿ ಬೆಳೆದರು. ಹಿರಿಯರಾದ ಜೊವಾನ್ ಮತ್ತು ಜೋಸೆಪ್ 1986ರಲ್ಲಿ ಅದರ ಪಕ್ಕದಲ್ಲೇ ತಮ್ಮದೇ ಆದ ‘ಎಲ್ ಸೆಯೆರ್’ ಅನ್ನು ಆರಂಭಿಸಿದರು. ಕಿರಿಯ ಜೋರ್ದಿ ಮುಂದೆ ಅವರ ಜೊತೆಗೂಡಿದರು. ಅಡುಗೆ ಮೊದಲನೆಯವರದು, ವೈನ್ ಎರಡನೆಯವರದು, ಸಿಹಿತಿನಿಸು ಮೂರನೆಯವರದು. 2007ರಲ್ಲಿ ಅವರು ಸಮೀಪದಲ್ಲೇ ಇದ್ದ ವಿಶಾಲವಾದ ಜಾಗಕ್ಕೆ ಸ್ಥಳಾಂತರಗೊಂಡಾಗ ಒಳಾಂಗಣವನ್ನು ರೂಪಿಸಿದವರು ಸಾಂದ್ರಾ ತರುಯೆಲಾ ಮತ್ತು ಇಸಾಬೆಲ್ ಲೋಪೆಸ್.

ಈ ವಿನ್ಯಾಸಕಿಯರು ಕುಟುಂಬವನ್ನು ಗೋಡೆಗೆ ನೇತುಹಾಕಲಿಲ್ಲ, ನೆಲನಕ್ಷೆಯಲ್ಲೇ ಬರೆದರು. ಊಟದ ಹಾಲ್ ತ್ರಿಕೋನಾಕಾರದಲ್ಲಿದೆ. ನಡುವೆ ಗಾಜಿನಿಂದ ಸುತ್ತುವರಿದ, ಮರಗಳಿರುವ ತೆರೆದ ಅಂಗಳ. ನಮ್ಮ ತೊಟ್ಟಿಮನೆಯ ತೊಟ್ಟಿಗೆ ಒಂದು ಬದಿ ಕಡಿಮೆಯಾದರೆ ಹೇಗಿರುತ್ತದೋ ಹಾಗೆ. ಮರದ ನೆಲಹಾಸು, ಬಿಳಿಯ ಮೇಜುಬಟ್ಟೆ, ಎಲೆಗಳ ನಡುವಿನಿಂದ ಸೋಸಿ ಬರುವ ಹಗಲು ಬೆಳಕು: ಇಷ್ಟನ್ನು ಬಿಟ್ಟರೆ ಕಣ್ಣಿಗೆ ಹೊಡೆಯುವಂಥದ್ದು ಅಲ್ಲಿ ಹೆಚ್ಚೇನಿಲ್ಲ. ಮೇಜಿನ ಮೇಲೆ ಹೂದಾನಿ ಇರಬೇಕಾದಲ್ಲಿ ಮೂರು ಕಲ್ಲುಗಳಿವೆ. ‘ರೋಕಾ’ ಎಂದರೆ ಬಂಡೆ. ಮೂರು ಕಲ್ಲು, ಮೂವರು ಸೋದರರು. ಮೂರು ಕಲ್ಲು ಹೂಡಿದರೆ ಒಲೆಯಾಗುತ್ತದೆಂದು ಬಲ್ಲ ನಮಗೆ ಅದು ಇನ್ನೂ ಬೇಗ ಅರ್ಥವಾಗುತ್ತದೆ, ಅವರ ಮನಸ್ಸಿನಲ್ಲಿ ಒಲೆ ಇತ್ತೋ ಇಲ್ಲವೋ.

ಎಲ್ಲವೂ ನನಗೆ ಮೆಚ್ಚುಗೆಯಾಗಿದೆ ಎಂದಲ್ಲ. ಜೋಸೆಪ್ ಅವರ ವೈನ್ ಸಂಗ್ರಹಕ್ಕೆಂದು ಶಾಂಪೇನ್, ರೀಸ್ಲಿಂಗ್, ಬರ್ಗಂಡಿ, ಪ್ರಿಯೊರಾತ್ ಮತ್ತು ಶೆರಿ ಎಂಬ ವೈನ್ ಬಗೆಗಳಿಗೆ ಒಂದೊಂದರಂತೆ ಐದು ಪ್ರತ್ಯೇಕ ಕೋಣೆಗಳನ್ನು, ಸಂಗೀತವನ್ನೂ ಜೋಡಿಸಿ, ಗುಡಿಗಳಂತೆ ನಿರ್ಮಿಸಿರುವುದು ಅತಿಯೆನಿಸುತ್ತದೆ. ಅದು ಕುಟುಂಬಕ್ಕಿಂತ ಒಬ್ಬ ವ್ಯಕ್ತಿಯ ಗೀಳಿನ ಕಥೆಯನ್ನೇ ಹೆಚ್ಚು ಹೇಳುತ್ತದೆ.

ಕುಟುಂಬವನ್ನು ನೆನಪಿಸುವ ಫೋಟೊದ ಕೆಲಸವನ್ನು ಈ ಸೋದರರು ಊಟಕ್ಕೇ ಒಪ್ಪಿಸಿದ್ದಾರೆ. ‘ಜಿರೋನಾದ ಹೊರವಲಯದ ಬಾರೊಂದರ ನೆನಪುಗಳು’ ಎಂಬ ತಿನಿಸು ಬರುವುದು ಮಡಚಿದ ಕಾಗದದ ಜೊತೆ. ಅದನ್ನು ಬಿಡಿಸಿದರೆ ತಂದೆ-ತಾಯಿಯರ ಹಳೆಯ ಹೋಟೆಲು, ಒಳಗೆ ಚಿಕ್ಕ ಹುಡುಗರಾಗಿರುವ ಸೋದರರು ಎದ್ದು ನಿಲ್ಲುತ್ತಾರೆ, ಅದರೊಳಗೇ ಒಂದೊಂದು ತುತ್ತಿನ ತಿನಿಸುಗಳು. ತಿಂದು ಮುಗಿದ ಮೇಲೆ ಅದನ್ನು ಮೇಜಿನಿಂದ ಎತ್ತಿಕೊಂಡು ಹೋಗುತ್ತಾರೆ. ಗೋಡೆಯ ಫೋಟೊ ಹಾಗಲ್ಲ, ವರ್ಷಗಟ್ಟಲೆ ಅಲ್ಲೇ ಇದ್ದು ಕೊನೆಗೆ ಯಾರ ಕಣ್ಣಿಗೂ ಬೀಳದಂತಾಗುತ್ತದೆ.

ಮಿಶೆಲಿನ್ ಮಾರ್ಗದರ್ಶಿ ಪುಸ್ತಕ ರೆಸ್ಟೋರೆಂಟ್‌ಗಳಿಗೆ ಗರಿಷ್ಠ ಮೂರರವರೆಗೆ ಕೊಡುವ ತಾರೆಗಳಲ್ಲಿ ಮೂರನೆಯದು 2009ರಲ್ಲಿ ಬಂತು. 2013 ಮತ್ತು 2015ರಲ್ಲಿ ಜಗತ್ತಿನ 50 ಅತ್ಯುತ್ತಮ ರೆಸ್ಟೋರೆಂಟ್‌ಗಳ ಪಟ್ಟಿಯಲ್ಲಿ ಮೊದಲ ಸ್ಥಾನ ದಕ್ಕಿತು. ಅಷ್ಟಾದ ಮೇಲೂ ಇಲ್ಲಿನ ಸಿಬ್ಬಂದಿ ಮಧ್ಯಾಹ್ನದ ಊಟಕ್ಕೆ ತಾಯಿಯ ಹೋಟೆಲಿಗೆ ನಡೆದುಹೋಗುವ ರೂಢಿ ನಿಲ್ಲಲಿಲ್ಲ. ನನ್ನ ದೃಷ್ಟಿಯಲ್ಲಿ ಆ ದಾರಿಯೂ ಈ ಒಳಾಂಗಣದ ಒಂದು ಭಾಗವೇ.

ತಮ್ಮ ಲೇಖನಮಾಲೆಯ ಮುಂದಿನ ಕಂತುಗಳಲ್ಲಿ ಬಣ್ಣದ ಫೋಟೊಗಳ ಜೊತೆಗೆ ನೆಲನಕ್ಷೆಗಳನ್ನೂ ಮುದ್ರಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಒಳಾಂಗಣ ವಿನ್ಯಾಸಕಿ, ಮೈಸೂರು